ಗಡಿಯಾರ ಬಿಚ್ಚಿದ ದೃಶ್ಯ

ನಾನು ಹುಟ್ಟಾ ಪುಕ್ಕಲಿ. ಹಲ್ಲಿ ಲೊಚಗುಟ್ಟಿದರೂ ಎದೆ ಝಲ್ಲೆನ್ನುವ ಪೈಕಿ. ಅಂಥವಳು ಸಿನಿಮಾ ವಿಮರ್ಶೆ ಬರೆಯಲು ಹೋದದ್ದೇ ಒಂದು ತಮಾಷೆ. ಬರೆದದ್ದನ್ನು ಊರ ಕನ್ನಡಿಗರೆಲ್ಲರ ಎದುರು ನಿಂತು ಓದಿದ್ದನ್ನು ನೆನೆದರೆ ಈಗಲೂ ಅಂಗೈ ಬೆವರುತ್ತದೆ.

ಬರೆಯುವುದನ್ನು ಕಲಿತದ್ದು ಔರಂಗಾಬಾದಿನಲ್ಲಿ. ಈಗ ಅದು ಛತ್ರಪತಿ ಸಂಭಾಜಿನಗರ. ಎಂಬತ್ತರ ದಶಕದಲ್ಲಿ ಬ್ಯಾಂಕಿನ ಗುಮಾಸ್ತೆಯಾಗಿ ನಾನು ಧಾರವಾಡದಿಂದ ವರ್ಗವಾಗಿ ಹೋದಾಗ ಇನ್ನೂ ಔರಂಗಾಬಾದೇ. ಅಲ್ಲಿ ಕಲಬುರ್ಗಿ ಕಡೆಯ ಒಬ್ಬ ನಿವೃತ್ತ ಪ್ರಾಧ್ಯಾಪಕರಿದ್ದರು. ನಾವೆಲ್ಲ ಅವರನ್ನು ಬರೀ ‘ಸರ್’ ಎನ್ನುತ್ತಿದ್ದೆವು. ಸಿನಿಮಾ ಹುಚ್ಚಿನ ನಾಲ್ಕಾರು ಜನರನ್ನು ಶನಿವಾರ ಸಂಜೆ ಮನೆಗೆ ಕರೆದು, ನೋಡಿದ ಸಿನಿಮಾದ ಬಗ್ಗೆ ಬರೆಸಿ, ಬರೆದದ್ದನ್ನು ಎಲ್ಲರೆದುರು ಓದಿಸಿ ಮಾನ ಕಳೆಯುತ್ತಿದ್ದರು.

ನನ್ನ ಮೊದಲ ಬರಹದಲ್ಲಿ ಎರಡು ಪುಟ ಕಥೆ, ಕೊನೆಗೆ ‘ಒಟ್ಟಿನಲ್ಲಿ ಉತ್ತಮ ಚಿತ್ರ’ ಎಂದಿತ್ತು. ಸರ್ ಕನ್ನಡಕ ಹಣೆಗೇರಿಸಿ ನನ್ನನ್ನೇ ನೋಡಿದರು.

“ಏನವ್ವಾ, ಕಥಿ ಯಾಕ ಹೇಳ್ತಿ? ನೋಡಿದವರಿಗೆ ಗೊತ್ತದ, ನೋಡದವರಿಗೆ ಬ್ಯಾಡ. ಉತ್ತಮ ಅದ, ಮಧ್ಯಮ ಅದ ಅನ್ನೋದು ಖಾನಾವಳಿ ಊಟಕ್ಕ ಹೇಳು. ಸಿನಿಮಾದಾಗ ನಿನ್ನ ಕಣ್ಣು ಎಲ್ಲಿ ನಿಂತಿತು? ಅಲ್ಲಿಂದ ಶುರು ಮಾಡು.”

“ಹಾಡಿನ ಮ್ಯಾಲೆ ನಿಂತಿತ್ರಿ ಸರ್.”

“ಹಾಡಿನ ಮ್ಯಾಲೆ ಕಿವಿ ನಿಂತಿರ್ತದ. ನಾ ಕೇಳಿದ್ದು ಕಣ್ಣು.”

ಎಲ್ಲರೂ ನಕ್ಕರು. ನನಗೆ ಅಳುವೇ ಬಂತು. ಆದರೂ ಮುಂದಿನ ಶನಿವಾರ ಹೋದೆ, ಅದರ ಮುಂದಿನ ಶನಿವಾರವೂ ಹೋದೆ. ಒಂದು ಕಣ್ಣು ಪರದೆಯ ಮೇಲೆ, ಇನ್ನೊಂದು ಕಣ್ಣು ಕೂತ ಮಂದಿಯ ಮೇಲೆ ಇಡಬೇಕು ಎಂದು ಅವರು ಕಲಿಸಿದರು. ಕೆಟ್ಟ ಸಿನಿಮಾದಲ್ಲೂ ಎಲ್ಲೋ ಒಂದು ಕಡೆ ನಿರ್ದೇಶಕನಿಗೇ ಗೊತ್ತಿಲ್ಲದೆ ಖರೆ ಹೊರಬಿದ್ದಿರುತ್ತದೆ, ಅದನ್ನು ಹುಡುಕಿ ತೆಗೆಯದವನು ವಿಮರ್ಶಕನಲ್ಲ, ಬರೀ ಜಗಳಗಂಟ ಎನ್ನುತ್ತಿದ್ದರು. ಆ ಮಾತು ನನ್ನನ್ನು ಮುಂದೆ ಎಂಥ ಇಕ್ಕಟ್ಟಿಗೆ ನೂಕೀತೆಂದು ಆಗ ಹೊಳೆಯಲಿಲ್ಲ.

ಆಮೇಲೆ ನಾಶಿಕಕ್ಕೆ ವರ್ಗವಾಯಿತು. ಮದುವೆಯಾಗದ ಹೆಣ್ಣಿಗೆ ಬಾಡಿಗೆ ಕೋಣೆ ಸಿಗುವುದೆಂದರೆ ಆ ಕಾಲದಲ್ಲಿ ಸಣ್ಣ ಮಾತಲ್ಲ. ಪಂಚವಟಿಯ ಒಂದು ಹಳೆಯ ವಾಡೆಯಲ್ಲಿ ಮಹಡಿಯ ಕೋಣೆ ಕೊಡಿಸಿದವರು ಕನ್ನಡ ಸಂಘದ ಕಾರ್ಯದರ್ಶಿ. ಕೇಂದ್ರ ಸರ್ಕಾರದ ಕಚೇರಿಯಲ್ಲಿ ಕೆಲಸ, ನಗುಮುಖ, ಯಾರ ಮನೆಯಲ್ಲಿ ಕಷ್ಟವಿದ್ದರೂ ಮೊದಲು ಹಾಜರು. ‘ದೇವರಂಥಾ ಮನಷಾ’ ಎಂದು ಎಲ್ಲರೂ ಹೇಳುತ್ತಿದ್ದರು, ನಾನೂ ಹೇಳುತ್ತಿದ್ದೆ. ನನ್ನ ಕೋಣೆಯ ಕೆಳಗೇ ಅವರ ಸಂಸಾರ. ಹೆಂಡತಿ ಅಫಜಲಪುರದ ಕಡೆಯ ಹುಡುಗಿ, ಮಾತು ಕಡಿಮೆ, ಆಗ ಬಸುರಿ. ನನ್ನನ್ನು ಅಕ್ಕಾ ಎನ್ನುತ್ತಿದ್ದಳು. ಕೆಲವೊಮ್ಮೆ ಕೆಳಗೆ ಪಾತ್ರೆ ಬಿದ್ದ ಸದ್ದಾಗುತ್ತಿತ್ತು. ಯಾರ ಮನೆಯಲ್ಲಿ ಪಾತ್ರೆ ಬೀಳುವುದಿಲ್ಲ ಎಂದು ನಾನು ಸುಮ್ಮನಿದ್ದೆ.

ಸಂಘದವರು ಆಗಾಗ ಹುಬ್ಬಳ್ಳಿಯಿಂದ ರೀಲಿನ ಡಬ್ಬಿ ತರಿಸಿ, ಭಾನುವಾರ ಬೆಳಿಗ್ಗೆ ಟಾಕೀಸು ಹಿಡಿದು ಕನ್ನಡ ಸಿನಿಮಾ ತೋರಿಸುತ್ತಿದ್ದರು. ಮುಂದಿನ ತಿಂಗಳ ಸಭೆಯಲ್ಲಿ ಯಾರಾದರೊಬ್ಬರು ಅದರ ವಿಮರ್ಶೆ ಓದಬೇಕು. ಓದಿದ ಮೇಲೆ ಯಾರು ಬೇಕಾದರೂ ಪ್ರಶ್ನೆ ಕೇಳಬಹುದು. ಉತ್ತರ ಕೊಡದೆ ಕೂಡುವ ಹಾಗಿಲ್ಲ, ಉತ್ತರ ಮುಗಿಯದೆ ಚಹಾ ಬರುವ ಹಾಗಿಲ್ಲ. ಇದು ಅಲ್ಲಿಯ ರೂಢಿ. ಔರಂಗಾಬಾದಿನಲ್ಲಿ ಕಲಿತು ಬಂದವಳೆಂದು ಆ ಸಲ ಕಾರ್ಯದರ್ಶಿಗಳು ನನ್ನ ಕೊರಳಿಗೆ ಕಟ್ಟಿದರು.

“ನೀವs ಬರೀರಿ. ನಮ್ಮ ಮಂದಿಗೆ ಛಲೋ ಅದ, ಛಲೋ ಇಲ್ಲ, ಇಷ್ಟs ಗೊತ್ತು.”

ಸಿನಿಮಾದಲ್ಲಿ ಹೊಸದೇನೂ ಇರಲಿಲ್ಲ. ಸೊಕ್ಕಿನ ಶ್ರೀಮಂತರ ಹುಡುಗಿ, ಬಡ ನಾಯಕ, ಮದುವೆ, ಸೊಕ್ಕು ಇಳಿಸುವುದು. ಟಾಕೀಸಿನಲ್ಲಿ ಗಂಡಸರು ಆ ಕಡೆ, ಹೆಂಗಸರು ಈ ಕಡೆ. ನನ್ನ ಪಕ್ಕದಲ್ಲಿ ಕಾರ್ಯದರ್ಶಿಗಳ ಹೆಂಡತಿ. ಮಧ್ಯಂತರದ ನಂತರ ಒಂದು ದೃಶ್ಯ ಬಂತು. ಹೆಂಡತಿ ಏನೋ ಎದುರು ಮಾತಾಡುತ್ತಾಳೆ. ನಾಯಕ ತುಟಿ ಬಿಚ್ಚದೆ ಕೈಗಡಿಯಾರದ ಪಟ್ಟಿಗೆ ಬೆರಳು ಹಾಕುತ್ತಾನೆ, ನಿಧಾನವಾಗಿ ಬಿಚ್ಚುತ್ತಾನೆ, ಅಂಗಿಯ ಕಿಸೆಗೆ ಇಳಿಬಿಡುತ್ತಾನೆ. ಇಷ್ಟೇ. ಪರದೆಯ ಮೇಲೆ ಇನ್ನೂ ಏನೂ ಆಗಿರಲಿಲ್ಲ. ಮಂದಿ ಶೇಂಗಾ ಬಿಡಿಸುತ್ತಿದ್ದರು. ನನ್ನ ಪಕ್ಕದಲ್ಲಿ ಅವಳು ಮಾತ್ರ ಕುತ್ತಿಗೆ ಒಳಗೆಳೆದುಕೊಂಡು, ಎಡಗೈಯಿಂದ ಕಿವಿ ಮುಚ್ಚಿಕೊಂಡು ಮುದುಡಿದಳು.

ಆಮೇಲೆ ಏಟು ಬಿತ್ತು, ಪರದೆಯ ಮೇಲೆ. ಡೋಲು ಬಾರಿಸಿದರು. ಟಾಕೀಸಿಗೆ ಟಾಕೀಸೇ ಸಿಳ್ಳೆ ಹಾಕಿತು. ಗಂಡಸರ ಕಡೆಯಿಂದ ಬಂದ ನಗುವಿನಲ್ಲಿ ಕಾರ್ಯದರ್ಶಿಗಳದು ನನಗೆ ಗುರುತು ಸಿಕ್ಕಿತು. ಕೊನೆಗೆ ಅವಳೂ ನಕ್ಕಳು, ಎಲ್ಲರೂ ನಕ್ಕು ಮುಗಿಸಿದ ಮೇಲೆ.

ಅಯ್ಯೋ ಶಿವನೇ! ಏಟು ಬೀಳುವ ಮೊದಲೇ ಏಟು ಬೀಳುತ್ತದೆಂದು ಇವಳಿಗೆ ಹೇಗೆ ಗೊತ್ತಾಯಿತು? ಈ ಪ್ರಶ್ನೆ ಬಂದ ಗಳಿಗೆಯಲ್ಲೇ ಉತ್ತರವೂ ಬಂತು, ಕೆಳಮನೆಯ ಪಾತ್ರೆಗಳ ಸದ್ದೂ ನೆನಪಾಯಿತು. ಉಳಿದ ಸಿನಿಮಾ ಏನು ನೋಡಿದೆನೋ ದೇವರಿಗೇ ಗೊತ್ತು. ಮನೆಗೆ ಬಂದು ಬಾಗಿಲು ಹಾಕಿಕೊಂಡೆ.

ಬರೆಯಲು ಕೂತರೆ ಬೇರೇನೂ ಬರಲೊಲ್ಲದು. ಕಣ್ಣು ನಿಂತದ್ದು ಅಲ್ಲೇ. ಆ ಸುಳ್ಳು ಸಿನಿಮಾದಲ್ಲಿ ಖರೆ ಇದ್ದದ್ದು ಅದೊಂದೇ: ಸಿಟ್ಟು ನೆತ್ತಿಗೇರಿ ಕೈ ಎತ್ತುವವನು ಗಡಿಯಾರ ಜೋಪಾನ ಮಾಡುವುದಿಲ್ಲ, ಜೋಪಾನ ಮಾಡುವವನಿಗೆ ಸಿಟ್ಟಲ್ಲ, ರೂಢಿ. ಇದನ್ನು ತೋರಿಸಿ ಅದರ ಮೇಲೆ ಡೋಲು ಬಾರಿಸಿದ್ದಾರಲ್ಲ, ಇದೇ ಈ ಸಿನಿಮಾದ ಪಾಪ. ಹೀಗೆ ಬರೆದೆ. ಬರೆದವಳೇ ಹೆದರಿ ಹಾಳೆ ಮಡಚಿಟ್ಟೆ. ಸಭೆಯಲ್ಲಿ ಇದನ್ನು ಕೇಳುವವರಲ್ಲಿ ಕಾರ್ಯದರ್ಶಿಗಳೂ ಇರುತ್ತಾರೆ. ಹೆಂಡತಿ ನನ್ನ ಪಕ್ಕ ಕೂತದ್ದು ಅವರಿಗೆ ಗೊತ್ತಿದೆ. ‘ಅಕೀಗೆ ಏನ ಹೇಳಿದಿ?’ ಎಂದು ಶುರುವಾದರೆ, ಬಸುರಿ ಹೆಂಗಸು, ಅವಳ ಗತಿ? ದಿನಾ ನಳದ ಹತ್ತಿರ ಅವರು ನಗುತ್ತ ಕೇಳುತ್ತಿದ್ದರು, “ಬರದ್ರೇನ್ರಿ ವಿಮರ್ಶಾ?” ‘ಬರೀಲಿಕ್ಕತ್ತೀನ್ರಿ’ ಎನ್ನುವಷ್ಟರಲ್ಲಿ ನನ್ನ ಕೊಡ ತುಂಬಿ ಹೊರಗೆ ಹರಿಯುತ್ತಿತ್ತು.

ತಡೆಯಲಾಗದೆ ರಜೆ ಹಾಕಿ ಎಸ್‌ಟಿ ಬಸ್ಸು ಹತ್ತಿ ಔರಂಗಾಬಾದಿಗೆ ಹೋದೆ. ಸರ್ ಹಾಳೆಯನ್ನು ಎರಡು ಸಲ ಓದಿದರು. ಶಭಾಸ್ ಎನ್ನುತ್ತಾರೆಂದುಕೊಂಡಿದ್ದೆ.

“ಬರದದ್ದು ಛಲೋ ಅದ,” ಎಂದರು. “ಆದ್ರ ಈ ಕಣ್ಣು ನಿಂದಲ್ಲ. ಆ ಹುಡುಗೀದು. ಅಕೀ ಮುದುಡದಿದ್ರ ನೀನೂ ಶೇಂಗಾ ತಿನಕೋತ ಕೂತಿರ್ತಿದ್ದಿ. ಅಕೀನ್ನ ಕೇಳದs ಓದಿದ್ರ ಅದು ವಿಮರ್ಶಾ ಅಲ್ಲ, ಕಳವು.”

“ಅಕಿ ಬ್ಯಾಡ ಅಂದ್ರ?”

“ಹರದು ಒಗಿ. ಹಾಡಿನ ಬಗ್ಗೆ ಬರಿ.”

ನಾಶಿಕಕ್ಕೆ ಮರಳಿದೆ. ಕೇಳುವುದು ಸುಲಭವೇ? ಕಾರ್ಯದರ್ಶಿಗಳು ಕಚೇರಿಗೆ ಹೋದ ಮೇಲೆ, ನಾನು ತಲೆನೋವೆಂದು ಮನೆಯಲ್ಲುಳಿದ ಒಂದು ದಿನ, ಅವಳು ಮಾಳಿಗೆಯಲ್ಲಿ ಮೆಣಸಿನಕಾಯಿ ಒಣಹಾಕುತ್ತಿದ್ದಳು. ಪಕ್ಕದಲ್ಲಿ ಕೂತು ಆ ಪ್ಯಾರಾ ಓದಿ ಹೇಳಿದೆ. ಓದುವಾಗ ಅವಳ ಮುಖ ನೋಡುವ ಧೈರ್ಯವಾಗಲಿಲ್ಲ. ಮುಗಿದ ಮೇಲೂ ಅವಳು ಮೆಣಸಿನಕಾಯಿ ತಿರುವುತ್ತಲೇ ಇದ್ದಳು.

“ಇದರಾಗ ನನ್ನ ಹೆಸರಿಲ್ಲಲ್ಲ ಅಕ್ಕಾ?”

“ಇಲ್ಲ ತಂಗಿ. ನೀ ಬ್ಯಾಡ ಅಂದ್ರ ಈಗs ಹರದು ಒಗೀತೀನಿ.”

“ಹರೀಬ್ಯಾಡ್ರಿ.” ಮೊರ ಹತ್ತಿರ ಎಳೆದುಕೊಂಡು ಹೇಳಿದಳು, “ಸಿನಿಮಾದಾಗ ತಪ್ಪು ತೋರ್ಸ್ಯಾರ್ರಿ.”

“ಏನು ತಪ್ಪು?”

“ಕಿಸೇದಾಗ ಇಡಂಗಿಲ್ರಿ. ನಮ್ಮ ಕೈಯಾಗ ಕೊಡ್ತಾರ. ಹಿಡಕೋ ಅಂತಾರ. ಎರಡೂ ಕೈಲೆ ಹಿಡೀಬೇಕು. ಬಿದ್ದು ಒಡೀತಂದ್ರ ಮತ್ತ ಅದಕ್ಕ ಬ್ಯಾರೇನs ಬೀಳ್ತಾವ.”

ಎರಡೂ ಕೈಯಲ್ಲಿ ಗಡಿಯಾರ. ಮುಖಕ್ಕೆ ಅಡ್ಡ ಹಿಡಿಯಲು ಕೈಯೇ ಇಲ್ಲ.

“ಅದನ್ನೂ ಬರೀರಿ,” ಎಂದಳು. “ಒಂದ ಸಲ ಕೂತು ಕೇಳಲಿ. ಬರೋ ವಾರ ಅಣ್ಣ ಬಂದು ಬಾಣಂತನಕ್ಕ ಕರಕೊಂಡು ಹೋಗ್ತಾನ. ನಾ ಹೋದ ಮ್ಯಾಲ ಓದ್ರಿ.”

“ಹುಚ್ಚಿ, ಅದನ್ನ ಬರದ್ರ ನೀನs ಹೇಳೀದಿ ಅಂತ ಅವರಿಗೆ ತಿಳಿಯಂಗಿಲ್ಲೇನು? ಕೂಸು ಕರಕೊಂಡು ನೀ ಮತ್ತ ಈ ಮನಿಗೇ ಬರಬೇಕಲ್ಲ?”

ಅವಳು ಬೆರಗಾಗಿ ನನ್ನ ಮುಖ ನೋಡಿದಳು. “ನಾನs ಅಂತ ಹ್ಯಾಂಗ ತಿಳೀತದ್ರಿ? ಎಲ್ಲಾರ ಮನ್ಯಾಗೂ ಹಂಗ ಅಲ್ಲೇನ್ರಿ ಅಕ್ಕಾ?”

ಮದುವೆಯಾಗದ ನಾನು ಏನು ಹೇಳಲಿ? ಅಲ್ಲ ಎಂದೆ. ಅವಳು ನಂಬಲಿಲ್ಲ. ಪಾಪ, ಅಕ್ಕನಿಗೆ ಸಂಸಾರದ ಸುದ್ದಿ ಏನು ಗೊತ್ತು ಎಂಬಂತೆ ನಕ್ಕು, ಮೊರ ಎತ್ತಿಕೊಂಡು ಇಳಿದುಹೋದಳು.

ಮುಂದಿನ ವಾರ ಅಣ್ಣ ಬಂದು ಕರೆದುಕೊಂಡು ಹೋದ. ಸಭೆಯವರೆಗೆ ನಾನು ಆ ಸಾಲನ್ನು ಎಷ್ಟು ಸಲ ಹೊಡೆದುಹಾಕಿ ಎಷ್ಟು ಸಲ ಮತ್ತೆ ಬರೆದೆನೋ ಲೆಕ್ಕವಿಲ್ಲ. ಓದಿದರೆ ಅವಳು ತಿರುಗಿ ಬಂದ ದಿನ ಏನಾದೀತು ಎಂಬ ಭಯ. ಓದದಿದ್ದರೆ ಅವಳು ಬಾಯಿಬಿಟ್ಟು ಕೇಳಿದ ಒಂದೇ ಒಂದು ಮಾತನ್ನು ನಡೆಸಲಿಲ್ಲವಲ್ಲ ಎಂಬ ಸಂಕಟ. ನಿದ್ದೆ ಹತ್ತುತ್ತಿರಲಿಲ್ಲ, ಬ್ಯಾಂಕಿನಲ್ಲಿ ಕೆಲಸ ಸಾಗುತ್ತಿರಲಿಲ್ಲ.

ಸಭೆ ನಡೆಯುವುದು ಬೀದರಿನ ಕಡೆಯ ಒಬ್ಬ ಹಿರಿಯ ವ್ಯಾಪಾರಿಯ ಮನೆಯಲ್ಲಿ. ಯೇವಲಾದ ಪೈಠಣಿ ಸೀರೆಗಳ ವ್ಯಾಪಾರ, ಹಣೆತುಂಬ ವಿಭೂತಿ, ಸಂಘಕ್ಕೆಲ್ಲ ಹಿರಿಯರು. ಅವರ ಹೆಂಡತಿಯನ್ನು ನಾವು ಅಮ್ಮಾರು ಎನ್ನುತ್ತಿದ್ದೆವು. ಆಕೆ ಸಭೆಯಲ್ಲಿ ಕೂಡುವವರಲ್ಲ. ಎಲ್ಲರಿಗೂ ಉಪ್ಪಿಟ್ಟು, ಚಹಾ ಮಾಡಿ ಅಡುಗೆಮನೆಯ ಬಾಗಿಲಿಗೆ ನಿಂತಿರುತ್ತಿದ್ದರು.

ನಾನು ಎದ್ದು ನಿಂತೆ. ಎದುರಿಗೇ ಜಮಖಾನೆಯ ಮೇಲೆ ಕಾರ್ಯದರ್ಶಿಗಳು. ಸಿನಿಮಾದ ಹಾಡು, ಬಣ್ಣ, ನಾಯಕಿಯ ನಟನೆ ಎಲ್ಲ ಓದಿದೆ. ಆ ದೃಶ್ಯ ಬಂತು. ಹಾಳೆಯ ಅಕ್ಷರಗಳು ಕುಣಿಯತೊಡಗಿದವು. ‘ನಿರ್ದೇಶಕರು ಅರ್ಧ ಖರೆಯನ್ನು ಮಾತ್ರ ಕಂಡಿದ್ದಾರೆ’ ಎಂದು ಓದಿದೆ. ‘ಹೊಡೆಯುವ ರೂಢಿಯುಳ್ಳವನು ಗಡಿಯಾರವನ್ನು ಕಿಸೆಗೆ ಹಾಕುವುದಿಲ್ಲ. ಹಿಡಿದುಕೋ ಎಂದು ಹೆಂಡತಿಯ ಕೈಗೇ ಕೊಡುತ್ತಾನೆ. ಅವಳು ಎರಡೂ ಕೈಯಲ್ಲಿ ಹಿಡಿದು ನಿಲ್ಲಬೇಕು. ಇದನ್ನು ತೋರಿಸಿದ್ದರೆ ಟಾಕೀಸಿನಲ್ಲಿ ಯಾರೂ ಸಿಳ್ಳೆ ಹಾಕುತ್ತಿರಲಿಲ್ಲ.’

ಓದಿ ಮುಗಿಸಿದೆ. ಒಬ್ಬಿಬ್ಬರು ಚಪ್ಪಾಳೆ ತಟ್ಟಿ ನಿಲ್ಲಿಸಿದರು. ಕಾರ್ಯದರ್ಶಿಗಳು ನಗುತ್ತಲೇ ಎದ್ದರು.

“ಭಾಳ ಛಲೋ ಬರದೀರಿ. ಒಂದು ಪ್ರಶ್ನಾ. ಸಿನಿಮಾದಾಗ ಇಲ್ಲದ್ದು ನಿಮಗ ಹ್ಯಾಂಗ ಗೊತ್ತಾತು? ನಿಮಗಂತೂ ಮದವಿ ಆಗಿಲ್ಲ. ಯಾರು ಹೇಳಿದ್ರು?”

ಜನ ನಕ್ಕರು. ಅವರು ಕೂಡಲಿಲ್ಲ, ಉತ್ತರಕ್ಕೆ ನಿಂತೇ ಇದ್ದರು. ಊಹೆ ಮಾಡಿದೆ ಅಂದುಬಿಟ್ಟರೆ ಮುಗಿಯುತ್ತಿತ್ತು. ನಾನು ಸುಮ್ಮನಿದ್ದಷ್ಟೂ ಅವಳ ಹೆಸರು ಹೇಳಿದಂತಾಗುತ್ತದೆಂದು ಗೊತ್ತಿದ್ದೂ ಬಾಯಿಗೆ ಮಾತು ಬರಲೊಲ್ಲದು.

“ಹೇಳ್ರಿ,” ಎಂದರು ಅವರು. “ಉತ್ತರ ಕೊಡದs ಚಾ ಇಲ್ಲ ನಮ್ಮಲ್ಲಿ.”

“ನಾ ಹೇಳೀನಿ.”

ಎಲ್ಲರೂ ತಿರುಗಿ ನೋಡಿದರು. ಅಡುಗೆಮನೆಯ ಬಾಗಿಲಲ್ಲಿ ಅಮ್ಮಾರು ಚಹಾದ ತಟ್ಟೆ ಹಿಡಿದು ನಿಂತಿದ್ದರು.

“ನಾನs ಹೇಳೀನಿ ಅಕೀಗೆ. ಚಾ ಆರ್ತದ, ತೊಗೋರಿ.”

ಕಾರ್ಯದರ್ಶಿಗಳು ಕೂತರು. ಗೋಡೆಗೊರಗಿ ಕೂತಿದ್ದ ಅಮ್ಮಾರ ಯಜಮಾನರು ತಲೆ ಎತ್ತಲಿಲ್ಲ. ಯಾರೂ ಇನ್ನೊಂದು ಪ್ರಶ್ನೆ ಕೇಳಲಿಲ್ಲ. ಅಮ್ಮಾರು ಸಾಲಾಗಿ ಚಹಾ ಕೊಡುತ್ತ ಬಂದು ನನ್ನ ಮುಂದೆ ನಿಂತಾಗ ತಟ್ಟೆಯ ಕಪ್ಪುಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು. ಆಕೆಯೊಡನೆ ನಾನು ಅಲ್ಲಿಯತನಕ ಬಿಸಿಲು, ಮಳೆ, ಉಪ್ಪಿನಕಾಯಿ ಬಿಟ್ಟು ಬೇರೆ ಯಾವ ಮಾತನ್ನೂ ಆಡಿರಲಿಲ್ಲ.