ಬಾಯ್ತುಂಬ ಗುಂಡುಸೂಜಿ

ಅಂಗಡಿಯ ಬಟ್ಟೆ ಎಂದು ನೋಡಿದರೆ ಟೈಲರಮ್ಮನ ಮೇಲೆ ಯಾರೂ ಎರಡನೇ ಸಲ ಕೈಯಾಡಿಸುವುದಿಲ್ಲ. ಅಗಲ ಕಡಿಮೆ, ಹೊಳಪಿಲ್ಲ, ಬಿಡಿಸಿ ತೋರಿಸೋಣವೆಂದರೆ ಅಂಚೂ ಇಲ್ಲ. ಆದರೆ ಎಷ್ಟು ಒಗೆದರೂ ಕುಗ್ಗದ, ಬಣ್ಣ ಬಿಡದ ಮಾಲು. ಹೀಗೆ ಬೆಲೆ ಕಟ್ಟಿದವನು, ಆಕೆಗೆ ಮೆಟ್ಟಿಲ ಕೆಳಗೆ ಹೊಲಿಗೆ ಯಂತ್ರ ಇಡಲು ಜಾಗ ಕೊಟ್ಟಿರುವ ಬಟ್ಟೆ ಅಂಗಡಿಯ ಚಿಕ್ಕ ಯಜಮಾನ. ಇದನ್ನು ಬರೆಯುತ್ತಿರುವವನೂ ಅವನೇ. ತನ್ನನ್ನು ‘ಅವನು’ ಎಂದುಕೊಂಡರೆ ಬೈದುಕೊಳ್ಳಲು ಸಲೀಸು.

ಚಿಕ್ಕ ಯಜಮಾನನಿಗೆ ನಾಲಿಗೆಯೇ ಬಂಡವಾಳ. ಗಿರಾಕಿ ಗಳಿಗೆ ಹೊತ್ತು ಸುಮ್ಮನಾದರೆ ಇದು ಚೌಕಾಸಿಯೇ ಸೈ ಎಂದುಕೊಂಡು ಬಟ್ಟೆಯ ಇನ್ನೊಂದು ಥಾನು ಬಿಚ್ಚುತ್ತಾನೆ. ಮನೆಯಲ್ಲೂ ಅದೇ ಚಾಳಿ. ಹೆಂಡತಿ ತಲೆನೋವೆಂದರೆ ಸಾಲಾಗಿ ಮಾತ್ರೆಗಳ ಹೆಸರು ಹೇಳುತ್ತಾನೆ. ಅವಳು ಬೇಸತ್ತು ಗೋಡೆಯ ಕಡೆ ತಿರುಗಿದರೆ ವ್ಯಾಪಾರ ಕುದುರಿತೆಂದು ಬೀಗುತ್ತಾನೆ.

ಟೈಲರಮ್ಮ ಅಳತೆ ಹಿಡಿಯುವಾಗ ತುಟಿಗಳ ನಡುವೆ ಗುಂಡುಸೂಜಿ ಕಚ್ಚಿಕೊಂಡಿರುತ್ತಾಳೆ, ಮಾತಾಡಲು ಬರುವುದಿಲ್ಲ. ಅದಕ್ಕೋ ಏನೋ, ಅವಳ ಮುಂದೆ ನಿಂತವರು ಮನೆಯ ಸಂಕಟವನ್ನೆಲ್ಲ ತೋಡಿಕೊಳ್ಳುತ್ತಾರೆ. ಸೂಜಿ ಮುಗಿದ ಮೇಲೆ ಅವಳು ಒಂದು ಪ್ರಶ್ನೆ ಕೇಳುತ್ತಾಳೆ. ಅವರು ಮತ್ತೆ ಶುರು. ಇದೆಲ್ಲ ಹೊತ್ತು ಹಾಳು ಎಂಬುದು ಚಿಕ್ಕ ಯಜಮಾನನ ತೀರ್ಮಾನವಾಗಿತ್ತು.

ಆಗ ಅವನ ಅಣ್ಣನಿಗೆ, ಅಂದರೆ ಅಂಗಡಿಯ ದೊಡ್ಡ ಯಜಮಾನನಿಗೆ, ಕಣ್ಣು ಮಂಜಾಗತೊಡಗಿತು. ಹೋದ ದೃಷ್ಟಿ ಮರಳದು, ಇದ್ದದ್ದನ್ನು ಉಳಿಸಿಕೊಳ್ಳಿ ಎಂದಿದ್ದರು ಡಾಕ್ಟರು. ಒಂದು ಬೆಳಿಗ್ಗೆ ಕಪ್ಪು ಬಟ್ಟೆ ಕೇಳಿದ ಗಿರಾಕಿಗೆ ಅಣ್ಣ ಕಡುನೀಲಿ ಕತ್ತರಿಸಿಕೊಟ್ಟ. ಗಿರಾಕಿ ಎಲ್ಲರೆದುರು ಕೂಗಾಡಿ ಹೋದ. ನಾಳೆಯಿಂದ ಅಂಗಡಿಗೆ ಬರುವುದಿಲ್ಲ ಎಂದ ಅಣ್ಣ, ಮೊದಲೇ ಹೊಲಿಯಲು ಕೊಟ್ಟಿದ್ದ ಪ್ಯಾಂಟು ತೊಟ್ಟು, ಉದ್ದ ನೋಡಿಸಲು ಟೈಲರಮ್ಮನ ಮುಂದೆ ನಿಂತ.

ತಮ್ಮ ಸುಮ್ಮನಿರುತ್ತಾನೆಯೇ? ಬೇರೆ ಡಾಕ್ಟರು, ದಪ್ಪ ಕನ್ನಡಕ, ದೊಡ್ಡ ಬಲ್ಬು, ಕಡೆಗೆ ಬಾಗಿಲ ಪಕ್ಕ ಆರಾಮಾಗಿ ಕೂರಲು ಮೆತ್ತನೆಯ ಕುರ್ಚಿ. ಒಂದೊಂದೇ ಥಾನು ಬಿಚ್ಚಿದ. ಅಣ್ಣ ಇನ್ನಷ್ಟು ಮುದುಡಿದ.

ಟೈಲರಮ್ಮ ಬಾಯಿಂದ ಸೂಜಿ ತೆಗೆದಳು. “ಚಿಕ್ಕ ಯಜಮಾನ್ರೇ, ಬಂದು ಈ ಎರಡೂ ಮಡಿಕೆ ಹಿಡ್ಕೊಳ್ಳಿ. ಬಿಟ್ರೆ ಒಂದು ಕಾಲು ಗಿಡ್ಡ ಆಗತ್ತೆ.”

ಅವನು ಮಂಡಿಯೂರಿ ಹಿಡಿದ. ಆಕೆ ಹೊಸ ಡಬ್ಬಿಯಿಂದ ಒಂದಿಷ್ಟು ಗುಂಡುಸೂಜಿ ತೆಗೆದು ಅವನ ಬಾಯಿಗಿಟ್ಟಳು. “ಇವನ್ನೂ.”

ಇಡೀ ಬೀದಿಗೆ ಕೇಳುವಂತೆ ಮಾತಾಡುವವನು ಅಣ್ಣನ ಕಾಲಬುಡದಲ್ಲಿ ಮುಳ್ಳುಹಂದಿಯಂತೆ ಕೂತ. ಆಕೆ ಅಣ್ಣನತ್ತ ತಿರುಗಿದಳು. “ದೊಡ್ಡ ಯಜಮಾನ್ರೇ, ಎಲ್ಲಕ್ಕಿಂತ ಯಾವುದು ಜಾಸ್ತಿ ಕಾಡ್ತಿದೆ?”

ಅಣ್ಣ ಬಾಗಿಲ ಕಡೆ ಮುಖ ಮಾಡಿದ. ತಮ್ಮ ತಡೆಯಲಾರದೆ ನಾಲಿಗೆ ಆಡಿಸಲು ಹೋಗಿ ಚುಚ್ಚಿಸಿಕೊಂಡ.

“ಕಣ್ಣಲ್ಲಮ್ಮ, ಆ ಕುರ್ಚಿ,” ಎಂದ ಅಣ್ಣ. “ಬಂದೋರಿಗೆಲ್ಲ ಕೈ ಮುಗೀತಾ ಬೊಂಬೆ ಥರ ಕೂರ್ಬೇಕಲ್ಲ. ಅದಕ್ಕಿಂತ ಮನೇನೇ ವಾಸಿ. ಮನೇಲಿ ಏನ್ ಮಾಡ್ಲಿ ಅಂತ ನೆನೆಸ್ಕೊಂಡ್ರೆ ಭಯ.”

“ಭಯ ಆಗತ್ತೆ. ಇಷ್ಟು ವರ್ಷ ನಿಂತು ಮಾಡಿದ ಕೆಲಸ.”

ಅಷ್ಟೇ. ಟೈಲರಮ್ಮ ಸಮಾಧಾನದ ಮಾತು ಸೇರಿಸಲಿಲ್ಲ. ಅಣ್ಣನ ಕಾಲು ಸಣ್ಣಗೆ ನಡುಗುತ್ತಿದ್ದದ್ದು ಮಡಿಕೆ ಹಿಡಿದ ತಮ್ಮನ ಬೆರಳಿಗೆ ತಿಳಿಯಿತು. ಬೆಳಗಿನಿಂದ ಬಾಯಿ ಬಡಿದುಕೊಂಡಾಗ ಇದೊಂದು ಗೊತ್ತಾಗಿರಲಿಲ್ಲ.

ಆಕೆ ಸೂಜಿ ವಾಪಸು ತೆಗೆದುಕೊಂಡದ್ದೇ ಹೊಸದೊಂದು ಉಪಾಯ ಅವನ ನಾಲಿಗೆಯ ತುದಿಗೆ ಬಂತು. ಕಷ್ಟಪಟ್ಟು ನುಂಗಿಕೊಂಡ.

“ಅಣ್ಣ, ಕುರ್ಚಿ ಮಾತು ಬಿಡು. ಎಲ್ಲಿರಬೇಕು ಅಂತ ನೀನೇ ಹೇಳು.”

“ಕೌಂಟರ್ ಹಿಂದೆ. ಬಟ್ಟೆ ನನ್ನ ಬೆರಳಿಗೆ ಗೊತ್ತು. ಬಣ್ಣ ನೀನು ಹೇಳು.” ಬೆರಳೆತ್ತಿ ಸೇರಿಸಿದ: “ಬಣ್ಣ ಮಾತ್ರ. ಭಾಷಣ ಬೇಡ.”

ಅಣ್ಣ ಈಗಲೂ ಕೌಂಟರಿನ ಹಿಂದೆ ನಿಲ್ಲುತ್ತಾನೆ. ಕೆಲವು ದಿನ ಭಯವೆನ್ನುತ್ತಾನೆ. ತಮ್ಮ ಕೇಳಿಸಿಕೊಳ್ಳುತ್ತಾನೆ, ಮರೆತು ನಡುವೆ ಬಾಯಿ ಹಾಕಿ ಬೈಸಿಕೊಳ್ಳುತ್ತಾನೆ. ಅಣ್ಣ ಅಂಗಡಿಯಲ್ಲಿ ಉಳಿದದ್ದು ಟೈಲರಮ್ಮನಿಂದ. ಆ ಋಣ ಚಿಕ್ಕ ಯಜಮಾನನ ಮೇಲಿದೆ.