ಲೆಸ್ಟರನ ತೆನೆ ಪಟ್ಟಿ

ನಮ್ಮ ಪಕ್ಕದ ಮನೆಯ ಲೆಸ್ಟರ್ ಮಾತಿನಲ್ಲಿ ಮಹಾ ಜಿಪುಣ. ಕಾಪುವಿನಿಂದ ಮಣಿಪಾಲದ ಆಫೀಸಿಗೆ ಹತ್ತು ವರ್ಷ ಬಸ್ಸಿನಲ್ಲಿ ಓಡಾಡಿ ಜಾವಾ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಪ್ರೋಗ್ರಾಂ ಬರೆದವನು. ಮದುವೆಯಾಗಲಿಲ್ಲ; ಮನೆಯಲ್ಲಿ ಅವನೂ ತಾಯಿಯೂ ಇಬ್ಬರೇ. 2007ರ ಜೂನಿನಲ್ಲಿ ಅವನ ತಾಯಿ ಕಾನ್ಸೆಪ್ಟಾ ಬಾಯಿ ತೀರಿಕೊಂಡರು. ಅದೇ ತಿಂಗಳು ಆಫೀಸಿನವರು ಪೈಥಾನ್ ಎಂಬ ಇನ್ನೊಂದು ಭಾಷೆ ಕಲಿಯಲು ಹೇಳಿದರು.

ದಪ್ಪ ಪುಸ್ತಕ ಹಿಡಿದು ಜಗಲಿಯಲ್ಲಿ ಒಬ್ಬನೇ ಕೂರುವುದನ್ನು ನೋಡಿ ನೋಡಿ ನನಗೆ ತಡೆಯಲಾಗಲಿಲ್ಲ. ಸೆಪ್ಟೆಂಬರಿನಲ್ಲಿ ಮೇರಿ ಮಾತೆಯ ಹುಟ್ಟುಹಬ್ಬವಾದ ಮೊಂತಿ ಹಬ್ಬಕ್ಕೆ ಇಗರ್ಜಿಯಲ್ಲಿ ಪ್ರತಿ ಮನೆಗೂ ತಲೆಗೊಂದರಂತೆ ಹೊಸ ಭತ್ತದ ತೆನೆ ಕಟ್ಟಿ ಕೊಡುತ್ತಾರೆ. ಆ ಅಕ್ಕಿಯನ್ನು ಹಾಲಿಗೆ ಹಾಕಿ ಮನೆಯವರೆಲ್ಲ ಒಟ್ಟಿಗೆ ಕುಡಿಯುವುದು ನಮ್ಮ ಪದ್ಧತಿ. ಇಗರ್ಜಿಗೆ ಸೇರಿದ ನಮ್ಮ ವಾರ್ಡಿನಲ್ಲಿ ಯಾವ ಮನೆಗೆ ಎಷ್ಟು ತೆನೆ ಎಂದು ಪಟ್ಟಿ ಮಾಡುವ ತಲೆನೋವು ನನ್ನದು.

"ಕಲಿಯುವುದಾದರೆ ಇದರಲ್ಲೇ ಕಲಿ ಮಾರಾಯ" ಎಂದು ಆ ಕೆಲಸವನ್ನು ಅವನಿಗೆ ಅಂಟಿಸಿದೆ.

"ಜಾವಾ ಇಡೀ ಪ್ರೋಗ್ರಾಂ ಮೊದಲೇ ನೋಡ್ತದೆ, ಗ್ಲ್ಯಾಡಿಸ್ ಬಾಯಿ. ಇಂಥದ್ದು ತಪ್ಪು ಅಂತ ಬೈದು, ಓಡಿಸ್ಲಿಕ್ಕೇ ಬಿಡುವುದಿಲ್ಲ. ಈ ಪೈಥಾನ್ ಎಂತದ್ದೂ ಕೇಳುವುದಿಲ್ಲ. ತಪ್ಪಿನ ಸಾಲಿಗೆ ಬಂದ ಮೇಲೆಯೇ ನಿಲ್ಲುವುದು."

"ಒಳ್ಳೇದಾಯ್ತು, ಬೈಯುವವರಿಲ್ಲ ಅಲ್ವಾ?"

"ಬೈಯುವವರು ಬೇಕು ಬಾಯಿ" ಎಂದ. ನನ್ನ ನಾಲಿಗೆ ಸುಟ್ಟಂತಾಯಿತು.

ಪಟ್ಟಿಯ ಪ್ರೋಗ್ರಾಂ ಚೆನ್ನಾಗಿಯೇ ಓಡುತ್ತಿತ್ತು. ಹಬ್ಬದ ಹಿಂದಿನ ದಿನ ಪಟ್ಟಿ ತರಲು ಹೋದರೆ ಲೆಸ್ಟರನ ಮನೆಯ ಎದುರು ಎರಡು ಎಂದಿತ್ತು. ಬೆರಳಿಟ್ಟು ತೋರಿಸಿದೆ. ಅದನ್ನು ಒಂದು ಮಾಡಿದ. ಮತ್ತೆ ಓಡಿಸಿದರೆ ಪ್ರೋಗ್ರಾಂ ಅರ್ಧಕ್ಕೇ ನಿಂತುಬಿಟ್ಟಿತು.

"ಎಂತ ಆಯ್ತು?"

"ಒಂದೇ ತೆನೆಗೆ ಕಟ್ಟು ಬೇಡ ಅಂತ ಬೇರೆ ಸಾಲು ಬರೆದಿದ್ದೆ. ಅದರಲ್ಲಿ ತಪ್ಪುಂಟು. ಒಬ್ಬರೇ ಇರುವ ಮನೆ ನಮ್ಮ ವಾರ್ಡಿನಲ್ಲಿ ಇನ್ನೊಂದಿಲ್ಲ. ಅದಕ್ಕೇ ಇಷ್ಟು ದಿನ ಗೊತ್ತಾಗ್ಲಿಲ್ಲ."

ಎರಡು ನಿಮಿಷದಲ್ಲಿ ಸರಿಮಾಡಿ ಪಟ್ಟಿ ಕೊಟ್ಟ. ನಾಳೆ ನಮ್ಮಲ್ಲಿಗೇ ಬಾ ಎಂದು ಕರೆದೆ. ಆಯ್ತೆಂದು ತಲೆಯಾಡಿಸಿದ.

ಮರುದಿನ ಕಾದದ್ದೇ ಬಂತು, ಅವನು ಬರಲಿಲ್ಲ. ನಾವು ಆರು ಜನ ಹಾಲು ಕುಡಿದು ಊಟ ಮುಗಿಸಿದೆವು. ಸಿಟ್ಟು ತಡೆಯದೆ ಬೈಯಲೆಂದೇ ಹೋದೆ. ಲೆಸ್ಟರ್ ಅಡುಗೆಮನೆಯಲ್ಲಿ, ಸುಲಿದ ನಾಲ್ಕಾರು ಅಕ್ಕಿಕಾಳು ಅಂಗೈಯಲ್ಲಿಟ್ಟುಕೊಂಡು ನಿಂತಿದ್ದ.

"ಬಾಯಿ, ಒಬ್ಬನಿಗಾದರೆ ಹಾಲು ಎಷ್ಟು ಹಾಕುವುದು?"

ಒಬ್ಬರಿಗೆಂದು ನಾನು ಎಂದೂ ಮಾಡಿದವಳಲ್ಲ.