ಊದಿ ನೋಡದೆ ಕೊಡದ ಪೀಪಿ

ಆ ದಿನಗಳಲ್ಲಿ ನಮ್ಮೂರಿಗೆ ಗಡಿಯಾರವೆಂದರೆ ರೈಲು. ಬೆಳಗಿನ ರೈಲು ಕೂಗಿದರೆ ದನ ಬಿಡುವ ಹೊತ್ತು, ಸಂಜೆಯದು ಕೂಗಿದರೆ ದೀಪ ಹಚ್ಚುವ ಹೊತ್ತು. ಮಹಾರಾಜರ ಕಾಲ ಅದು. ನಂಜನಗೂಡಿನಿಂದ ಮೈಸೂರಿಗೆ ಹೋಗುವ ರೈಲು ನಮ್ಮೂರ ಬಳಿಯ ಒಂದು ಸಣ್ಣ ಸ್ಟೇಷನ್ನಿನಲ್ಲಿ ನಿಲ್ಲುತ್ತಿತ್ತು. ಆ ಸ್ಟೇಷನ್ನಿನ ಹೆಸರು ನಾನು ಹೇಳುವುದಿಲ್ಲ. ಹೇಳಿದರೆ ಅಲ್ಲಿಯವರು ಈಗಲೂ ನನ್ನ ಮೇಲೆ ಜಗಳಕ್ಕೆ ಬಂದಾರು. ಅಲ್ಲಿಂದ ಒಂದು ಬೆಳಿಗ್ಗೆ ರೈಲನ್ನು ಹೊರಡಿಸಿದವನು ಗಾರ್ಡೂ ಅಲ್ಲ, ಮಾಸ್ತರೂ ಅಲ್ಲ, ನಮ್ಮ ತಾತ.

ತಾತ ಮರದ ಪೀಪಿ ಮಾಡುತ್ತಿದ್ದ. ಹಾಲೆ ಮರದ ಕೊಂಬೆ ಕಡಿದು ತಂದು, ಅದರ ಹಾಲು ಆರುವವರೆಗೆ ಅಟ್ಟದ ಮೇಲೆ ಒಣಗಿಸಿ, ಕಾದ ಸರಳಿನಿಂದ ಒಳಗೆ ತೂತು ಕೊರೆಯುತ್ತಿದ್ದ. ಸುಟ್ಟ ಮರದ ಹೊಗೆ, ಮೇಲೆ ಸವರಿದ ಹೊಂಗೆ ಎಣ್ಣೆ, ಪಕ್ಕದ ಒಲೆಯಲ್ಲಿ ಅಜ್ಜಿ ಬಡಿಯುತ್ತಿದ್ದ ರಾಗಿ ರೊಟ್ಟಿ, ಈ ಮೂರೂ ಸೇರಿದ ವಾಸನೆಯೇ ನನ್ನ ಮಟ್ಟಿಗೆ ತಾತನ ವಾಸನೆ. ಆ ವರ್ಷ ಮಾತ್ರ ಅವನಿಗೆ ಒಂದು ಹೊಸ ಹುಚ್ಚು ಹತ್ತಿತ್ತು. ಗಾರ್ಡಿನ ಹಿತ್ತಾಳೆ ಪೀಪಿ ಯಾಕೆ ಹಾಗೆ ನಡುಗುತ್ತಾ ಕೂಗುತ್ತದೆ ಎಂದು ತಲೆ ಕೆಡಿಸಿಕೊಂಡು, ಕೊನೆಗೆ ತನ್ನ ಪೀಪಿಯೊಳಗೆ ಒಂದು ಕಡಲೆಕಾಳು ಬಿಟ್ಟ. ಕಾಳು ಒಳಗೆ ಕುಣಿಯಿತು, ಸದ್ದು ಹಾಗೇ ನಡುಗಿತು. ತಾತ ತೊಡೆ ತಟ್ಟಿಕೊಂಡು ನಕ್ಕ.

ಪೀಪಿಯ ಬುಟ್ಟಿ ಹೊತ್ತು ಅವನು ಬೆಳಗಿನ ರೈಲಿಗೆ ಹೋಗುತ್ತಿದ್ದ, ಬೆನ್ನ ಹಿಂದೆಯೇ ನಾನು. ಕಿಟಕಿಯಲ್ಲಿ ಕೂತ ಮಕ್ಕಳು ಪೀಪಿ ಕಂಡ ಕೂಡಲೇ ಕೈ ಚಾಚಿ ರಂಪ ಮಾಡುತ್ತಿದ್ದವು. ತಾತ ಮಾತ್ರ ಊದಿ ನೋಡದೆ ಒಂದನ್ನೂ ಕೊಡುವವನಲ್ಲ. ಊದುವುದು, ಚೊಂಬಿನ ನೀರಿನಲ್ಲಿ ತೊಳೆಯುವುದು, ಪಂಚೆಯ ಸೆರಗಿನಲ್ಲಿ ಒರೆಸುವುದು, ಆಮೇಲೆ ಕೊಡುವುದು. ಎಂಜಲು ಎಂದು ಮೂಗು ಮುರಿದವರಿಗೆ ಪೀಪಿ ಇಲ್ಲ. "ಒಳ್ಳೇದು ಬುದ್ದಿ, ಓಗ್ಬನ್ನಿ" ಎಂದು ಕೈಮುಗಿದು ಮುಂದಿನ ಕಿಟಕಿಗೆ ನಡೆಯುತ್ತಿದ್ದ.

ಮಾರ್ಗಶಿರದ ಆ ಬೆಳಿಗ್ಗೆ ಪಕ್ಕದಲ್ಲಿದ್ದವರ ಮುಖ ಕಾಣದಷ್ಟು ಮಂಜು. ರೈಲಿನ ಬಾಲದ ಕಡೆ ಗಾರ್ಡು ನಿಂತು ರಸಬಾಳೆಯ ಗೊನೆಗಳನ್ನು ಹತ್ತಿಸಿಕೊಳ್ಳುತ್ತಿದ್ದ. ಗೊನೆಗಳ ಘಮ ಮಂಜಿನಲ್ಲಿ ಹಾಗೇ ನಿಂತುಬಿಟ್ಟಿತ್ತು. ಇಂಜಿನ್ನಿನ ಪಕ್ಕದ ಡಬ್ಬಿಯಲ್ಲಿ ಒಬ್ಬ ಹುಡುಗ ಪೀಪಿ ಬೇಕೆಂದು ಹಠ ಹಿಡಿದ. ತಾತ ಬುಟ್ಟಿಯಿಂದ ಒಂದು ಕಡಲೆಕಾಳಿನ ಪೀಪಿ ತೆಗೆದು, ಎದೆ ತುಂಬ ಉಸಿರೆಳೆದು ಊದಿದ. ಅದಕ್ಕೆ ಉತ್ತರವಾಗಿ ಇಂಜಿನ್ನು ಕೂ ಎಂದಿತು. ರೈಲು ಹೊರಟೇಬಿಟ್ಟಿತು.

"ಏಯ್! ನಿಲ್ಸ್ರೋ! ಯಾವನೋ ಊದಿದ್ದು?" ಎನ್ನುತ್ತಾ ಗಾರ್ಡು ಬಾವುಟ ಬೀಸಿಕೊಂಡು ಮಂಜಿನೊಳಗೆ ಓಡಿದ. ಅರ್ಧ ಗೊನೆಗಳು ನೆಲದ ಮೇಲೆಯೇ ಉಳಿದವು. ಇಂಜಿನ್ನಿನವರಿಗೆ ಅನುಮಾನ ಬಂದು, ಮಾವಿನ ತೋಪಿನ ಹತ್ತಿರ ರೈಲು ನಿಂತು, ಮತ್ತೆ ಹಿಂದಕ್ಕೆ ಬಂತು. ಜನ ಬೈದರು, ಜನ ನಕ್ಕರು. ನಾನು ಮಾತ್ರ ಹೆಮ್ಮೆಯಿಂದ ಉಬ್ಬಿಹೋದೆ. ಯಾರ ತಾತ ರೈಲು ಓಡಿಸಿದ್ದಾನೆ ಹೇಳಿ!

ಸ್ಟೇಷನ್ ಮಾಸ್ತರು ಒಳ್ಳೆಯ ಮನುಷ್ಯರು. ತಾತನನ್ನು ಕರೆದು, "ನೋಡಪ್ಪಾ, ನಿನ್ನ ಹೊಟ್ಟೆ ಮೇಲೆ ಹೊಡೆಯೋದಿಲ್ಲ. ದಿನಾ ಬಾ, ಮಾರ್ಕೊ. ಆದ್ರೆ ಇಲ್ಲಿ ಊದಕೂಡದು" ಎಂದರು.

"ಊದ್ದೆ ಎಂಗ್ ಕೊಡ್ಲಿ ಸಾ?"

"ಮನೇಲೇ ಊದಿ ನೋಡ್ಕೊಂಡು ಬಾ."

"ಮಂಜ್ಗೆ ಮರ ಉಬ್ತದೆ ಸಾ, ಕಾಳು ಕಚ್ಕತದೆ. ಮನೇಲ್ ಕೂಗಿದ್ದು ಇಲ್ಲಿ ಕೂಗ್ದೆ ಇರ್ಬೋದು. ಸಂತೇಲ್ ತಕ್ಕಂಡೋರು ಕೂಗ್ನಿಲ್ಲ ಅಂತ ಮುಂದಿನ ವಾರ ಬಂದು ಬೈತಾರೆ. ರೈಲಿನ್ ಕೂಸು ಅಳ್ತಾ ಕುಂತ್ರೆ ನಾನ್ ಎಲ್ಲೀಂತ ಉಡುಕ್ಲಿ?"

ಗಾರ್ಡು ತಾತನ ಕೈಯಿಂದ ಪೀಪಿ ತೆಗೆದುಕೊಂಡು ತಿರುಗಿಸಿ ತಿರುಗಿಸಿ ನೋಡಿದ. ಕೋಪ ಇಳಿದಿತ್ತು. "ನನ್ನ ಪೀಪೀನೇ ಮೀರಿಸ್ತದಲ್ಲಯ್ಯಾ! ನನಗೊಂದು ಕೊಡು" ಎಂದ.

"ಕೊಡ್ತೀನಿ ಸಾ, ಊದ್ಬುಟ್ಟು..."

"ಬೇಡ ಮಾರಾಯಾ, ಬೇಡ!" ಎಂದು ಗಾರ್ಡು ಎರಡೂ ಕೈ ಎತ್ತಿದ. ಸುತ್ತಲಿದ್ದವರೆಲ್ಲ ನಕ್ಕರು. ತಾತ ಬುಟ್ಟಿ ತಲೆಗಿಟ್ಟುಕೊಂಡು ಹೊರಟ. ಮತ್ತೆ ಆ ಸ್ಟೇಷನ್ನಿಗೆ ಕಾಲಿಡಲಿಲ್ಲ.

ನಮ್ಮ ಮನೆಯ ಉಪ್ಪು, ಎಣ್ಣೆ ಆ ಪೀಪಿಗಳಿಂದಲೇ ಬರುತ್ತಿದ್ದವು. ಅಜ್ಜಿ ತಲೆ ಚಚ್ಚಿಕೊಂಡಳು. "ಅಲ್ಲಾ, ಊದ್ದೆ ಕೊಟ್ಟಿದ್ರೆ ನಿಮ್ ಗಂಟೇನ್ ಓಯ್ತಿತ್ತು?" ತಾತ ಮಾರನೆಯ ದಿನದಿಂದ ಸಂತೆಗಳಿಗೆ ನಡೆದ. ಮೂಗೂರು, ನರಸೀಪುರ, ದೇವನೂರು, ಎಲ್ಲಿ ಸಂತೆಯೋ ಅಲ್ಲಿಗೆ. ಹಿಮ್ಮಡಿ ಒಡೆದು ರಕ್ತ ಜಿನುಗುತ್ತಿತ್ತು. ಅಜ್ಜಿ ಬೈಯುತ್ತಲೇ ಹರಳೆಣ್ಣೆ ಕಾಯಿಸಿ ತಿಕ್ಕುತ್ತಿದ್ದಳು. ಸ್ಟೇಷನ್ನಿನಲ್ಲಿ ಇನ್ನಾರೋ ಬಂದು ಕೂತು ಬಿದಿರಿನ ಪೀಪಿ ಮಾರತೊಡಗಿದ್ದರು. ಅರ್ಧಕ್ಕರ್ಧ ಕೂಗುತ್ತಲೇ ಇರಲಿಲ್ಲ, ಆದರೂ ಬುಟ್ಟಿ ಖಾಲಿಯಾಗುತ್ತಿತ್ತು. ಆ ಸಂಕ್ರಾಂತಿಗೆ ನನಗೆ ಹೊಸ ಲಂಗ ಬರಲಿಲ್ಲ. ಗೆಳತಿಯರು ಎಳ್ಳು ಬೀರಲು ಹೊರಟಾಗ ನಾನು ಹಿತ್ತಿಲಲ್ಲಿ ಕೂತು ಅತ್ತೆ. ತಾತನ ಮೇಲೆ ಸಿಟ್ಟೂ ಬಂದಿತ್ತು.

ಹಬ್ಬ ಕಳೆದ ಮೇಲೆ ತಾತನಿಗೆ ಕೆಮ್ಮು ಹಿಡಿಯಿತು. ಒಂದು ಪೀಪಿ ಊದುವಷ್ಟೂ ದಮ್ಮಿಲ್ಲ. ಬೆಳಗಾದರೆ ನರಸೀಪುರದ ಸಂತೆ, ಜಗಲಿಯ ಮೇಲೆ ಬುಟ್ಟಿ ತುಂಬ ಪೀಪಿ. "ಇದೊಂದ್ ಸಲ ಅಂಗೇ ತಕ್ಕೊಂಡೋಗಿ. ಯಾರ್ಗ್ ಗೊತ್ತಾಯ್ತದೆ?" ಎಂದಳು ಅಜ್ಜಿ. ತಾತ ಬುಟ್ಟಿಯನ್ನು ನನ್ನ ಮುಂದಕ್ಕೆ ತಳ್ಳಿದ.

"ನೀನ್ ಊದ್ ಕೂಸೇ."

"ಎಣ್ ಕೂಸು ಪೀಪಿ ಊದೋದಾ? ನೋಡ್ದೋರು ಏನಂದಾರು?" ಎಂದು ಅಜ್ಜಿ ಅಡ್ಡ ಬಂದಳು.

"ರೈಲು ಗಂಡು ಎಣ್ಣು ಕೇಳ್ತದಾ?" ಎಂದ ತಾತ, ಕೆಮ್ಮುತ್ತಲೇ.

ಒಂದೊಂದಾಗಿ ಊದಿದೆ. ತಾತ ಕಣ್ಣು ಮುಚ್ಚಿ ಕೇಳುತ್ತಿದ್ದ. ಒಂದು ಪೀಪಿ ಕೂಗಿತು, ಆದರೆ ಕೊನೆಯಲ್ಲಿ ಸೋರಿದ ಹಾಗಾಯಿತು. ಹೇಳಲು ಹೆದರಿಕೆ. ಕಾಳು ಕೂರಿಸುವಾಗ ತಾತ ಮೆಚ್ಚಿ ನಕ್ಕಿದ್ದು ಅದೇ ಪೀಪಿ ನೋಡಿ, ನುಣ್ಣಗೆ ತೀಡಿ ಹೊಳಪು ಬರಿಸಿದ್ದೂ ಅದಕ್ಕೇ. ಆದರೂ ಪಕ್ಕಕ್ಕಿಟ್ಟೆ.

"ಯಾಕ್ ಮಗಾ?"

"ಇದ್ ಸರೀಗಿಲ್ಲ ತಾತ."

ಅವನು ಅದನ್ನು ತೆಗೆದುಕೊಂಡು, ಬೆಳಕಿಗೆ ಹಿಡಿದು, ಪೀಪಿಯ ಬಾಯಿಗೆ ಬಡಿದಿದ್ದ ಬೆಣೆಯ ಹತ್ತಿರ ಕೂದಲೆಳೆಯಷ್ಟು ಸೀಳನ್ನು ಬೆರಳಿನಲ್ಲಿ ಮುಟ್ಟಿ ನೋಡಿದ. ಒಲೆಗೆ ಹಾಕಿದ. ಆಮೇಲೆ ನನ್ನ ತಲೆಯ ಮೇಲೆ ಕೈಯಿಟ್ಟ. ಆ ಕೈಯ ಭಾರದ ಮುಂದೆ ಯಾವ ಲಂಗ! ನರಸೀಪುರದ ಸಂತೆಯಲ್ಲಿ ಅವನು ಬಂದವರಿಗೆಲ್ಲ, "ನನ್ ಮೊಮ್ಮಗ್ಳು ಊದ್ ನೋಡಿರೋವು ಕಣ್ರೀ, ತಕ್ಕೊಳಿ" ಎಂದು ಗಟ್ಟಿಯಾಗಿ ಹೇಳಿದ. ಸಂತೆ ಮುಗಿಯುವವರೆಗೂ ನಾನು ನೆಟ್ಟಗೆ ನಿಂತೇ ಇದ್ದೆ.

ಈಗ ನನ್ನ ಮೊಮ್ಮಕ್ಕಳು ಅಂಗಡಿಯ ಬಣ್ಣದ ಪೀಪಿ ಊದುತ್ತಾರೆ. ಒಂದು ಕೂಗದಿದ್ದರೆ ಬಿಸಾಡಿ ಇನ್ನೊಂದು ತರುತ್ತಾರೆ. ಅಳುವಷ್ಟು ಆಸೆ ಅದರ ಮೇಲೆ ಯಾರಿಗೂ ಇಲ್ಲ. ಹಾಲೆ ಮರಗಳಿದ್ದ ಬೇಲಿಸಾಲು ಹೋಗಿ ಕಾಲವಾಯಿತು. ಅವರಿಗೆ ಈ ಕಥೆ ಹೇಳಿದಾಗಲೆಲ್ಲ, "ನಿನ್ನ ತಾತ ಮಾಡಿದ್ದು ಒಂದಾದರೂ ತೋರಿಸಜ್ಜಿ" ಎಂದು ಗಂಟು ಬೀಳುತ್ತಾರೆ. ಏನು ತೋರಿಸಲಿ? ಚೆನ್ನಾಗಿ ಕೂಗಿದ್ದನ್ನೆಲ್ಲ ಊರ ಮಕ್ಕಳಿಗೆ ಕೊಟ್ಟುಬಿಟ್ಟ, ಕೂಗದ್ದನ್ನೆಲ್ಲ ಒಲೆಗೆ ಹಾಕಿಬಿಟ್ಟ. ನಮ್ಮ ಮನೆಯಲ್ಲಿ ಒಂದೂ ಉಳಿಯಲಿಲ್ಲ.